ನೆಲ ಹಿಡಿದ ತಂಪು

ಆ ಬೇಸಿಗೆಯಲ್ಲಿ ಆ ಮನೆಯವರು ಮನುಷ್ಯರ ಯೋಗಕ್ಷೇಮ ಕೇಳುವುದನ್ನೇ ಬಿಟ್ಟಿದ್ದರು. ಕೇಳುತ್ತಿದ್ದದ್ದೆಲ್ಲ ಸ್ಟ್ರಾಬೆರಿ ಗಿಡಗಳ ಯೋಗಕ್ಷೇಮ. ಐಸ್‌ಕ್ರೀಮ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಸೊಸೆ ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಗಂಡ ಹಿಂದಿನ ಕೋಣೆಯಿಂದ ಕೂಗುತ್ತಿದ್ದ: “ಮೂವತ್ತೇಳು.” ಅಂದರೆ ಡೇರೆಯೊಳಗೆ ಮೂವತ್ತೇಳು ಡಿಗ್ರಿ. ಗಿಡಕ್ಕೆ ಬೇಕಾದದ್ದು ಇಪ್ಪತ್ತೈದು.

“ನನಗೂ ಒಂದು ಥರ್ಮಾಮೀಟರ್ ನೇತುಹಾಕೋ. ನಾನೂ ಬಾಡ್ತಾ ಇದೀನಿ” ಎಂದು ಅತ್ತೆ ನಡುಮನೆಯಿಂದಲೇ ಚುಚ್ಚುತ್ತಿದ್ದರು.

ಗಿಡ ಬೆಳೆಸಲೆಂದೇ ಹಿಂದಿನ ಕೋಣೆಯಲ್ಲಿ ನಿಲ್ಲಿಸಿದ ಆ ಡೇರೆ ಬಟ್ಟೆ ಬೀರುವಿನಷ್ಟು ಎತ್ತರ, ಅದರ ಎರಡರಷ್ಟು ಅಗಲ. ಹೊರಗೆ ಕಪ್ಪು ಬಟ್ಟೆ, ಒಳಗೆ ಬೆಳ್ಳಿಯಂತೆ ಹೊಳೆಯುವ ಹಾಳೆ. ಜಿಪ್ ಎಳೆದರೆ ಮೂರು ಸಾಲು ಕುಂಡ, ಮೇಲೆ ದೀಪದ ಪಟ್ಟಿಗಳು, ಮೂಲೆಯಲ್ಲೊಂದು ಸಣ್ಣ ಫ್ಯಾನ್, ನೆತ್ತಿಯಲ್ಲಿ ಬಿಸಿ ಗಾಳಿಯನ್ನು ಎಳೆದು ಕಿಟಕಿಯಾಚೆ ಬಿಸಾಡುವ ದಪ್ಪ ಕೊಳವೆ. ಗಂಡ ಲಿಫ್ಟ್ ರಿಪೇರಿಯವನು. ಎರಡು ವರ್ಷದ ಹಿಂದೆ ಲಿಫ್ಟಿನ ಗುಂಡಿಗೆ ಬಿದ್ದು ಮಂಡಿ ಮುರಿದುಕೊಂಡ ಮೇಲೆ ಅವನನ್ನು ಯಾರೂ ಯಾವ ಕೆಲಸಕ್ಕೂ ಕರೆದಿರಲಿಲ್ಲ. ಈ ಡೇರೆ ಬಂದ ಮೇಲೆ ಅವನ ಮುಖದಲ್ಲಿ ಮತ್ತೆ ಕಳೆ ಬಂದಿತ್ತು. ಕೇಕ್ ಅಂಗಡಿಯಾಕೆ ಮೊದಲ ನಾಲ್ಕು ಹಣ್ಣು ತಿಂದು, ಇನ್ನು ಬೆಳೆದದ್ದೆಲ್ಲ ನನಗೇ ಬೇಕು ಎಂದಿದ್ದಳು. ಅಷ್ಟರಲ್ಲಿ ಬಿಸಿಲು ಏರಿತು. ಹೂವು ಒಂದೊಂದಾಗಿ ಕಪ್ಪಾಗಿ ಉದುರತೊಡಗಿದವು.

ಅವನು ಮಾಡದೆ ಬಿಟ್ಟ ಉಪಾಯವಿಲ್ಲ. ಹಗಲು ದೀಪ ಆರಿಸಿ ರಾತ್ರಿ ಉರಿಸಿದ. ದೀಪಕ್ಕೆ ಕರೆಂಟ್ ಕೊಡುವ, ಬಿಸಿಯೇರುವ ಡಬ್ಬಿಯನ್ನು ಬಿಚ್ಚಿ ಡೇರೆಯ ಹೊರಗೆ ತೂಗುಹಾಕಿದ. ನೀರಿನ ಬಾಟಲಿಯನ್ನು ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿ ಫ್ಯಾನಿನ ಮುಂದಿಟ್ಟ; ಅರ್ಧ ಗಂಟೆಗೆ ಅದು ಬೆಚ್ಚನೆಯ ನೀರಾಯಿತು. ಹೊರಗಿನ ಗಾಳಿಯೇ ಕಾದ ಹೆಂಚಿನಂತಿರುವಾಗ ಕೊಳವೆ ತಾನೇ ಏನು ಮಾಡೀತು? ಅದರ ಮೇಲೆ ದಿನಕ್ಕೆ ನಾಲ್ಕು ಗಂಟೆ ಕರೆಂಟ್ ಬೇರೆ ಇರುತ್ತಿರಲಿಲ್ಲ. ಗಂಡ ಮತ್ತೆ ಮಾತು ಬಿಟ್ಟ. ಗೋಡೆ ನೋಡಿಕೊಂಡು ಮಲಗುವುದು ಶುರುವಾಯಿತು. ಸೊಸೆಗೆ ಹೆದರಿಕೆಯಾದದ್ದು ಆಗ. ಹೂವು ಹೋದರೆ ಹೋಗಲಿ, ಈ ಮನುಷ್ಯ ಇನ್ನೊಮ್ಮೆ ಗುಂಡಿಗೆ ಬಿದ್ದರೆ ಎತ್ತುವುದು ನನ್ನ ಕೈಲಾಗದು ಎನ್ನಿಸಿತು.

ಅದಕ್ಕೇ ಅವಳು ಡ್ರೈ ಐಸ್ ತಂದದ್ದು.

ಈಗಲೇ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟೆ ಎನ್ನಬೇಡಿ. ಡ್ರೈ ಐಸ್ ನಮ್ಮ ನಿಮ್ಮ ಐಸಿನಂತೆ ಕರಗಿ ನೀರಾಗುವುದಿಲ್ಲ. ಹೊಗೆಯಾಡುತ್ತ ಆಡುತ್ತ ಪೂರ್ತಿ ಗಾಳಿಯಾಗಿ ಹೋಗುತ್ತದೆ. ಆ ಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಭಾರ ಮಾತ್ರ ಇದೆ. ಅದು ನೆಲ ಹಿಡಿದು ಕೂರುತ್ತದೆ. ಬಯಲಲ್ಲಿದ್ದರೆ ಹರಿದು ಹೋಗುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲಿ ತೊಟ್ಟಿಯಲ್ಲಿ ನೀರು ತುಂಬಿದಂತೆ ಕೆಳಗಿನಿಂದ ತುಂಬುತ್ತ ಬರುತ್ತದೆ. ಅದರೊಳಗೆ ಮಲಗಿದವರು ಉಸಿರಾಡಿಯೂ ಉಸಿರು ಸಿಗದೆ ಹೋಗುತ್ತಾರೆ. ಇದನ್ನು ಫ್ಯಾಕ್ಟರಿಯಲ್ಲಿ ಗೋಡೆ ಮೇಲೆ ಕೆಂಪಕ್ಷರದಲ್ಲಿ ಬರೆದು ಹಾಕಿದ್ದರು. ಎಂಟು ವರ್ಷ ದಿನಾ ನೋಡಿದ ಬೋರ್ಡನ್ನು ಯಾರು ಓದುತ್ತಾರೆ ಹೇಳಿ.

ಓದಿಸುವವನು ಒಬ್ಬನಿದ್ದ. ಸ್ಟೋರಿನ ಮುದುಕ. ಐಸ್ ಇಡುವ ಕೋಣೆಯ ಶಟರ್ ಒಂದು ಮೊಳ ಇಳಿದರೂ ಅವನ ತಲೆ ಕೆಡುತ್ತಿತ್ತು. ಅದಕ್ಕೇ ಎಲ್ಲರೂ ಅವನನ್ನು ಶಟರ್ ತಾತ ಎನ್ನುತ್ತಿದ್ದರು. ದಿನದ ಕೊನೆಗೆ ಪೆಟ್ಟಿಗೆಯ ತಳದಲ್ಲಿ ಉಳಿದ ಚೂರನ್ನು ಸೊಸೆ ಕೇಳಿದಾಗ ಅವನು ಅವಳ ಮುಖ ನೋಡಿದ.

“ಎಲ್ಲಿಡ್ತೀಯಮ್ಮ ಇದನ್ನ?”

“ಹಿತ್ತಲಲ್ಲಿ ತಾತ. ಗಿಡದ ಹತ್ತಿರ.”

“ಬಯಲು ತಾನೆ?”

“ಹೂಂ, ಬಯಲೇ.”

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದ್ದು ಅವಳಿಗೇ ಗೊತ್ತಾಗಲಿಲ್ಲ. ಮುದುಕನಿಗೆ ಎಲ್ಲದಕ್ಕೂ ತಕರಾರು ಎಂದುಕೊಂಡಳು. ಈ ಐಸ್ ಮುಟ್ಟಿ ಅವಳ ಬೆರಳಿಗೆ ಎರಡು ಸಲ ಬೊಬ್ಬೆ ಬಂದಿದ್ದವು, ಅಷ್ಟೇ. ಕೈಗವಸು ಹಾಕಿಕೊಂಡರೆ ಮುಗಿಯಿತು ಎಂಬುದು ಅವಳ ಲೆಕ್ಕ.

ಮೊದಲ ದಿನ ಮೂರು ಕೆಜಿ. ರಾತ್ರಿಯೆಲ್ಲ ಥರ್ಮಾಕೋಲ್ ಪೆಟ್ಟಿಗೆಯಲ್ಲಿದ್ದ ಅದನ್ನು ಬೆಳಿಗ್ಗೆ ಗಂಡ ಬಕೆಟ್ಟಿಗೆ ಸುರಿದು ಡೇರೆಯೊಳಗಿಟ್ಟ. ಜಿಪ್ಪಿನ ಸಂದಿಯಿಂದ ಬೆಳ್ಳನೆಯ ಹೊಗೆ ಇಳಿದು ನೆಲದ ಮೇಲೆ ಹಾಸಿಕೊಂಡಿತು. ಮಧ್ಯಾಹ್ನಕ್ಕೆ ಡೇರೆಯೊಳಗೆ ಇಪ್ಪತ್ತಾರು. ಕೋಣೆಯೂ ತಣ್ಣಗಾಯಿತು. ಗಂಡ ಎರಡು ತಿಂಗಳ ಮೇಲೆ ಮೊದಲ ಸಲ ಹಲ್ಲು ಬಿಟ್ಟು ನಕ್ಕ.

ಆ ದಿನದಿಂದ ಹಿಂದಿನ ಕೋಣೆ ಅರಮನೆಯಾಯಿತು. ಅತ್ತೆ ಚಾಪೆ ಹಿಡಿದುಕೊಂಡು, ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಮಧ್ಯಾಹ್ನದ ನಿದ್ದೆಗೆ ಅಲ್ಲಿಗೇ ಹೋಗತೊಡಗಿದರು. ನಾಲ್ಕು ವರ್ಷದ ಮೊಮ್ಮಗಳನ್ನು ಎಲ್ಲರೂ ಪಿಟೀಲು ಎನ್ನುತ್ತಿದ್ದರು, ಅವಳು ರಾಗ ತೆಗೆದರೆ ನಿಲ್ಲಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಆ ಪಿಟೀಲು ಕೂಡ ಕಣಕಾಲಿನವರೆಗಿನ ಹೊಗೆಯಲ್ಲಿ ಕುಪ್ಪಳಿಸುತ್ತ, ಮೋಡ ಮೋಡ ಎಂದು ಕೇಕೆ ಹಾಕುತ್ತ, ಸುಸ್ತಾಗಿ ತೆಪ್ಪಗೆ ಮಲಗುತ್ತಿತ್ತು.

“ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಮ್ಮ” ಎಂದರು ಅತ್ತೆ ಸೊಸೆಗೆ. ಹನ್ನೊಂದು ವರ್ಷದಲ್ಲಿ ಅವರ ಬಾಯಿಂದ ಅಂಥ ಮಾತು ಬಂದಿರಲಿಲ್ಲ. “ನಾನು ಹೀಗೆ ಸತ್ತೋರ ಥರ ನಿದ್ದೆ ಮಾಡಿ ಎಷ್ಟು ಕಾಲ ಆಯ್ತೋ.”

ಸೊಸೆ ಹಾಡು ಗುನುಗುತ್ತ ಅಡುಗೆಗೆ ಹೋದಳು. ಅತ್ತೆಯ ಮಾತಿನ ಅರ್ಥ ಹುಡುಕುತ್ತ ಕೂರಲು ಯಾರಿಗೆ ಪುರುಸೊತ್ತು?

ಮೂರನೆಯ ದಿನ ಪಿಟೀಲು ತಲೆನೋವು ಎಂದಿತು. ಬಿಸಿಲಲ್ಲಿ ಆಡಿದ್ದಕ್ಕೆ ಎಂದರು. ಅದೇ ಸಂಜೆ ಗಂಡ ಮೊರದ ತುಂಬ ಜಿರಳೆ ಗುಡಿಸಿ ತಂದು ತೋರಿಸಿದ. ಒಂದೂ ಅಲುಗುತ್ತಿರಲಿಲ್ಲ. “ನೋಡೇ, ಔಷಧಿ ಇಲ್ಲ ಏನಿಲ್ಲ, ಐಸಿಗೇ ಸತ್ತಿವೆ. ಒಂದು ಕಲ್ಲಿಗೆ ಎರಡು ಹಕ್ಕಿ” ಎಂದ. ಎಲ್ಲರೂ ನಕ್ಕರು, ಸೊಸೆಯೂ ನಕ್ಕಳು. ಆಮೇಲೆ ಚಾಪೆ ಸುತ್ತಲು ನೆಲಕ್ಕೆ ಬಗ್ಗಿದಾಗ ನಾಲ್ಕು ಮಹಡಿ ಹತ್ತಿ ಬಂದವಳಂತೆ ಅವಳಿಗೆ ಏದುಸಿರು ಬಂತು. ಎದ್ದು ನಿಂತಳು, ಸರಿಹೋಯಿತು. ಮೈಯಲ್ಲಿ ರಕ್ತ ಕಡಿಮೆಯಾಗಿರಬೇಕು, ಟಾನಿಕ್ ಕುಡಿಯಬೇಕು ಎಂದುಕೊಂಡಳು. ನನಗೆ ಇಲ್ಲಿ ಅವಳ ತಲೆಗೆ ಒಂದು ಮೊಟಕಬೇಕು ಎನ್ನಿಸುತ್ತದೆ. ಆದರೆ ಮನೆಯಲ್ಲಿ ಎಲ್ಲರೂ ನಗುತ್ತಿರುವಾಗ ಕೆಟ್ಟದ್ದನ್ನು ಯೋಚಿಸುವ ಧೈರ್ಯ ನಮಗಾದರೂ ಇರುತ್ತಿತ್ತೇ?

ಐದನೆಯ ದಿನ ಬಿಸಿಲು ನಲವತ್ತನಾಲ್ಕಕ್ಕೆ ಏರಿತು. ಹಿಂದಿನ ಸಂಜೆ ಅವಳು ಹತ್ತು ಕೆಜಿ ತಂದಿದ್ದಳು. ಬೆಳಿಗ್ಗೆ ಅವಳು ಹೊರಡುವಾಗ ಗಂಡ ಹೇಳಿದ: “ನೀರಿಗೆ ಹಾಕಿದ್ರೆ ಬೇಗ ತಣ್ಣಗಾಗುತ್ತಂತೆ. ಇವತ್ತು ದೊಡ್ಡ ಟಬ್ಬಲ್ಲಿ ನೀರು ತುಂಬಿ ಅದಕ್ಕೇ ಹಾಕ್ತೀನಿ.”

“ಹಾಕಿ. ಬಾಗಿಲು ಮಾತ್ರ ಗಟ್ಟಿಯಾಗಿ ಹಾಕ್ಕೊಳ್ಳಿ, ತಂಪೆಲ್ಲ ಹೊರಗೆ ಹೋಗುತ್ತೆ” ಎಂದಳು ಸೊಸೆ. ಹೌದು, ಅವಳೇ ಹೇಳಿದಳು.

ಮಧ್ಯಾಹ್ನ ಎರಡಕ್ಕೆ ಫ್ಯಾಕ್ಟರಿಯಲ್ಲಿ ಕರೆಂಟ್ ಹೋಯಿತು. ಶಟರ್ ಅರ್ಧಕ್ಕೇ ನಿಂತಿತು. ಲೋಡಿಂಗಿನ ದಾಂಡಿಗನೊಬ್ಬ ದೊಡ್ಡ ಪೆಟ್ಟಿಗೆಯ ತಳದಿಂದ ಐಸ್ ಬಾಚಲು ಸೊಂಟದವರೆಗೆ ಒಳಗೆ ಬಗ್ಗಿದ. ಬಗ್ಗಿದವನು ಏಳಲಿಲ್ಲ. ಅವನ ಕಾಲು ಎರಡು ಸಲ ಒದ್ದಾಡಿ ಸುಮ್ಮನಾಯಿತು. ಶಟರ್ ತಾತ ಓಡಿಬಂದು ಅವನ ಬೆಲ್ಟ್ ಹಿಡಿದು ಹಿಂದಕ್ಕೆಳೆದು, ಅಂಗಳಕ್ಕೆ ಎಳೆದುಕೊಂಡು ಹೋಗಿ ಕೆಡವಿದ. ಮುಖ ಸೀಸದ ಬಣ್ಣಕ್ಕೆ ತಿರುಗಿತ್ತು. ಕೆನ್ನೆಗೆ ನಾಲ್ಕು ಏಟು ಬಿದ್ದ ಮೇಲೆ ಅವನು ಗೊರಗೊರ ಉಸಿರೆಳೆದುಕೊಂಡ.

“ಇನ್ನು ಎರಡು ನಿಮಿಷ ಆಗಿದ್ರೆ ಇವನ ಕತೆ ಮುಗೀತಿತ್ತು” ಎಂದ ತಾತ, ಅವನ ಅಂಗಿಯ ಗುಂಡಿ ಬಿಚ್ಚುತ್ತ. “ತಳದಲ್ಲಿ ಗಾಳಿ ಎಲ್ಲಿರುತ್ತೆ? ನಿಂತೋರಿಗೆ ಗೊತ್ತಾಗಲ್ಲ ಅದು.”

ಸೊಸೆಗೆ ಅತ್ತೆಯ ಚಾಪೆ ನೆನಪಾಯಿತು. ಚಾಪೆ ಹಾಸುವುದು ನೆಲದ ಮೇಲೆ. ಗಂಡನಿಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ತನ್ನ ಅವ್ವನೂ ಮಗಳೂ ಮಲಗಿದಾಗ ಅವನು ಫೋನಿನ ಸದ್ದು ತೆಗೆದಿಡುತ್ತಾನೆ ಎಂಬುದು ಹನ್ನೊಂದನೆಯ ಸಲಕ್ಕೆ ನೆನಪಾಯಿತು. ಅಷ್ಟರಲ್ಲಿ ಅವಳು ಆಟೋದಲ್ಲಿದ್ದಳು. ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಇಳಿದು ಓಡಿದಳು. ತಲೆಯ ಮೇಲೆ ಫ್ಯಾಕ್ಟರಿಯ ಪ್ಲಾಸ್ಟಿಕ್ ಟೋಪಿ, ಒಂದೇ ಕೈಗೆ ಗವಸು, ಹಾಗೆಯೇ.

ಗಂಡ ಬಾಗಿಲು ತೆಗೆದು ತುಟಿಯ ಮೇಲೆ ಬೆರಳಿಟ್ಟ. “ಶ್, ಮೆಲ್ಲಗೆ. ಇಬ್ರೂ ಒಳ್ಳೆ ನಿದ್ದೇಲಿದಾರೆ. ಇಪ್ಪತ್ತೆರಡಕ್ಕೆ ಇಳಿದಿದೆ ಕಣೇ, ಇಪ್ಪತ್ತೆರಡು.”

ಅವನನ್ನು ಪಕ್ಕಕ್ಕೆ ತಳ್ಳಿ ಹೋದಳು. ಕೋಣೆಯ ಬಾಗಿಲಿನ ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿತ್ತು. ಬಾಗಿಲು ನೂಕಿದಾಗ ಹೊಗೆ ಅವಳ ಪಾದದ ಮೇಲೆ ಹರಿದು ನಡುಮನೆಗೆ ಇಳಿಯಿತು. ಕರೆಂಟ್ ಇಲ್ಲದೆ ಕೊಳವೆಯೂ ಸುಮ್ಮನಿತ್ತು. ಅವಳು ಉಸಿರು ಬಿಗಿಹಿಡಿದು ನುಗ್ಗಿದಳು. ಪಿಟೀಲು ಮಡಚಿಟ್ಟ ಹಾಸಿಗೆಗಳ ರಾಶಿಯ ಮೇಲೆ, ಅವಳ ಎದೆಯೆತ್ತರದಲ್ಲಿ ಮಲಗಿತ್ತು. ನೆಲ ತೀರಾ ತಣ್ಣಗಿದೆ, ಮಗುವಿಗೆ ಶೀತವಾದೀತು ಎಂದು ಅಜ್ಜಿಯೇ ಅದನ್ನು ಮೇಲೆ ಮಲಗಿಸಿ, ತಾವು ಕೆಳಗೆ ಚಾಪೆ ಹಾಸಿಕೊಂಡಿದ್ದರು.

ಮಗುವನ್ನು ಬಾಚಿ ಬೀದಿಗೆ ತಂದಳು. ಮಗು ವಾಂತಿ ಮಾಡಿತು, ಕಣ್ಣು ತೇಲಿಸಿತು, ಆಮೇಲೆ ಬಾಯಿ ತೆರೆದು ರಾಗ ಶುರುಮಾಡಿತು. ಪಕ್ಕದ ಮನೆಯಾಕೆಯ ಕೈಗೆ ಮಗುವನ್ನು ಕೊಟ್ಟು ಅವಳು ತಿರುಗಿ ಓಡಿದಳು. ಗಂಡ ಏನೂ ತಿಳಿಯದೆ ಅವ್ವನನ್ನು ಅಲುಗಾಡಿಸುತ್ತಿದ್ದ. ಇಬ್ಬರೂ ಸೇರಿ ಎಳೆದು ಹೊರಗೆ ತಂದರು. ಅತ್ತೆ ಏಳಲಿಲ್ಲ.

ಡಾಕ್ಟರು ಬಂದು ಕಣ್ಣರೆಪ್ಪೆ ಎತ್ತಿ ನೋಡಿದರು. ಮನೆ ಮನೆ ಸುತ್ತಿ ಆಗಲೇ ಸುಸ್ತಾಗಿದ್ದ ಮನುಷ್ಯ. “ಈ ವಾರದಲ್ಲಿ ಇವರು ಆರನೆಯವರು. ಈ ಬಿಸಿಲನ್ನ ವಯಸ್ಸಾದ ಜೀವ ತಡೆಯಲ್ಲ” ಎಂದು ಹೇಳಿ, ಸಾವಿನ ಚೀಟಿ ಬರೆದುಕೊಟ್ಟು ಹೋದರು. ಸೊಸೆ ಅತ್ತೆಯ ಸೆರಗು ಸರಿಮಾಡಿದಳು. ಗಂಡ ಅವಳ ಭುಜ ಹಿಡಿದು ಅಳುತ್ತಿದ್ದ. “ನೀನಿದ್ದಿದ್ದಕ್ಕೆ ಕೊನೇ ಐದು ದಿನ ಆದ್ರೂ ತಂಪಲ್ಲಿ ಮಲಗಿದ್ಲು ಕಣೇ.” ಆ ಮಾತು ಅವಳಿಗೆ ಬೆಂಕಿ ಇಟ್ಟಂತಾಯಿತು. ಆದರೂ ಹೇಳಲಿಲ್ಲ. ಮಗು ಉಳಿಯಿತಲ್ಲ, ಉಳಿದದ್ದನ್ನು ಹೊಟ್ಟೆಯಲ್ಲಿ ಹಾಕಿಕೊಂಡರಾಯಿತು ಎಂದುಕೊಂಡಳು. ಹೇಳಿದರೆ ಹೋದ ಜೀವ ಬರುತ್ತದೆಯೇ ಎಂದು ತನ್ನನ್ನೇ ಕೇಳಿಕೊಂಡಳು.

ಸಂಜೆಗೆ ನಡುಮನೆ ತುಂಬಿತು. ಅತ್ತೆಯ ತಮ್ಮ, ಎಲ್ಲರೂ ಮಾವ ಎನ್ನುವ ದೊಡ್ಡ ಮನುಷ್ಯ, ಬಂದವನೇ ಯಜಮಾನಿಕೆ ವಹಿಸಿಕೊಂಡ. ಅತ್ತೆಯ ದೊಡ್ಡ ಮಗಳು ದೂರದಿಂದ ನಾಳೆ ಮಧ್ಯಾಹ್ನಕ್ಕೆ ಬರುತ್ತಾಳೆ, ಅಲ್ಲಿಯವರೆಗೆ ಹೆಣ ಇಡಬೇಕು. ಆಸ್ಪತ್ರೆಯ ತಣ್ಣನೆ ಪೆಟ್ಟಿಗೆಗಳೆಲ್ಲ ಈ ಬಿಸಿಲಿಗೆ ಭರ್ತಿಯಾಗಿದ್ದವು.

“ಐಸ್ ಇದೆಯಲ್ಲ ಮಾವ” ಎಂದ ಗಂಡ ಕಣ್ಣೊರೆಸಿಕೊಂಡು. “ಇವಳ ಫ್ಯಾಕ್ಟರಿದು. ಪೆಟ್ಟಿಗೇಲಿ ಇನ್ನೂ ಚೂರು ಉಳಿದಿದೆ.”

“ಸಾಲಲ್ಲ. ಮೀನಿನ ಗೋಡೌನಿನವನಿಗೆ ಫೋನ್ ಮಾಡಿದೀನಿ, ಎರಡು ಪೆಟ್ಟಿಗೆ ಬರ್ತಾ ಇದೆ. ಅದೂ ಇದೇ ಐಸೇ. ಕಿಟಕಿ ಬಾಗಿಲು ಹಾಕ್ಬಿಡಿ. ನಾವೆಲ್ಲ ಇಲ್ಲೇ ಅಕ್ಕನ ಸುತ್ತ ಕೂತಿರೋಣ.”

ಯಾರೋ ಎದ್ದು ಕಿಟಕಿ ಮುಚ್ಚಿದರು. ಹದಿನೈದು ಜನ ನೆಲದ ಮೇಲೆ ಕುಳಿತಿದ್ದರು. ಪಿಟೀಲು ಮಾವನ ತೊಡೆಯಿಂದ ಜಾರಿ, ಅಜ್ಜಿಯ ಪಕ್ಕದಲ್ಲಿ ಜಾಗ ಮಾಡಿಕೊಂಡು, ಅಜ್ಜಿಯ ಕೈ ಹಿಡಿದು ಮಲಗಿಕೊಂಡಿತು. ಹೊರಗೆ ಗಾಡಿ ನಿಂತ ಸದ್ದಾಯಿತು.

ಇಬ್ಬರು ಆಳುಗಳು ಪೆಟ್ಟಿಗೆ ಹೊತ್ತು ಹೊಸಿಲಿಗೆ ಬಂದರು. ಸೊಸೆ ಎದ್ದು ಅಡ್ಡ ನಿಂತಳು.

“ಬೇಡ. ಒಳಗೆ ತರಬೇಡಿ.”

“ಯಾಕಮ್ಮ?” ಎಂದ ಮಾವ.

ಅವಳ ನಾಲಿಗೆಯ ತುದಿಯಲ್ಲಿ ಹತ್ತು ಸುಳ್ಳು ಸಾಲಾಗಿ ನಿಂತಿದ್ದವು. ಒಂದನ್ನು ಹೇಳಿದರೆ ಈ ಪೆಟ್ಟಿಗೆ ವಾಪಸು ಹೋಗುತ್ತದೆ, ಇನ್ನೊಂದು ಬರುತ್ತದೆ. ಎಲ್ಲರೂ ಬಾಗಿಲು ಹಾಕಿಕೊಂಡು ಮಲಗುತ್ತಾರೆ. ಅವಳು ನೆಲದ ಮೇಲಿನ ಮಗಳನ್ನು ನೋಡಿದಳು.

“ಅತ್ತೇನ ತಗೊಂಡಿದ್ದು ಬಿಸಿಲಲ್ಲ ಮಾವ. ಈ ಐಸು. ಇದು ಮುಚ್ಚಿದ ಮನೇಲಿ ನೆಲದ ಗಾಳೀನೆಲ್ಲ ತಿಂದ್ಬಿಡುತ್ತೆ. ಬಯಲಲ್ಲೇ ಇಡ್ತೀನಿ ಅಂತ ಸುಳ್ಳು ಹೇಳಿ ತಂದೆ. ಬಾಗಿಲು ಹಾಕ್ಕೊಳ್ಳಿ ಅಂತ ನಾನೇ ಹೇಳಿ ಹೋದೆ.”

ಆಳುಗಳು ಪೆಟ್ಟಿಗೆಯನ್ನು ಹೊಸಿಲಿನಾಚೆಯೇ ಇಳಿಸಿದರು. ಗಂಡ ಗೋಡೆ ಹಿಡಿದುಕೊಂಡು ಎದ್ದ, ಮುರಿದ ಮಂಡಿಯ ಮೇಲೆ ಅಲ್ಲಾಡುತ್ತ.

“ಸಂದಿಗೆ ಬಟ್ಟೆ ತುರುಕಿದ್ದು ನಾನು” ಎಂದ. “ಅವ್ವ ಒಂದ್ಸಲ ಕೆಮ್ಮಿದ್ದು ಕೇಳಿಸ್ತು. ನಿದ್ದೆಗಣ್ಣಲ್ಲಿ ಇರ್ಬೇಕು ಅಂತ ನಾನು ಬಾಗಿಲು ತೆಗೀಲಿಲ್ಲ. ತಂಪು ಹೋಗುತ್ತೆ ಅಂತ.”

ಮಾವ ಎದ್ದು ಅಕ್ಕನ ಬಳಿ ಬಂದ. ಆಮೇಲೆ ಬಗ್ಗಿ, ಅಜ್ಜಿಯ ಕೈಯಿಂದ ಮಗುವಿನ ಬೆರಳು ಒಂದೊಂದಾಗಿ ಬಿಡಿಸಿ, ಅದನ್ನೆತ್ತಿಕೊಂಡು ಹೊರಗೆ ನಡೆದ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಎದ್ದು ಹೋದರು. ಗಂಡ ಹೆಂಡತಿ ಇಬ್ಬರೇ ಉಳಿದರು. ಅವಳು ಹೋಗಿ ಕಿಟಕಿಗಳನ್ನೆಲ್ಲ ತೆರೆದು ಬಂದು, ಅತ್ತೆಯ ತಲೆಯ ಹತ್ತಿರ ಬರಿ ನೆಲದ ಮೇಲೆ ಕುಳಿತಳು.