ಸ್ಟೇಶನ್ ಬೀದಿಯಲ್ಲಿ ಭೀಮಮ್ಮ

ವಾಡಿಯ ಕಡೆಯಿಂದ ಬಂದ ಗಾಡಿ ತಾಂಡೂರಿನಲ್ಲಿ ನಿಂತಾಗ ಭೀಮಮ್ಮ ಒಂದು ಗಂಟು ಹಿಡಿದು ಇಳಿದಳು. ಮುಂಬಯಿಗೆ ಹೋಗುವಾಗ ಗಂಡ ಅಂಜಪ್ಪ ಜೊತೆಗಿದ್ದ; ಬರುವಾಗ ಅವಳೊಬ್ಬಳೇ. ನಿಲ್ದಾಣದ ಹೊರಗೆ ಟಾಂಗಾದವರು ಕೂಗುತ್ತಿದ್ದರು. ತೊಗರಿ ಚೀಲ ಹೇರಿದ ಬಂಡಿಗಳು ದಾರಿಗೆ ಅಡ್ಡವಾಗಿ ನಿಂತಿದ್ದವು. ಅವಳಿಗೆ ಅದೆಲ್ಲ ಗೋಡೆಯಾಚೆ ಯಾರೋ ಮಾತಾಡಿದ ಹಾಗೆ ಕೇಳುತ್ತಿತ್ತು. ಸ್ಟೇಶನ್ ಬೀದಿ ಹಿಡಿದು ಊರ ಹೊರಗಿನ ತಮ್ಮ ಕೇರಿಯ ಕಡೆ ನಡೆದಳು.

ಊರಿನ ದೊಡ್ಡ ಬೀದಿ ಅದೇ. ರೈಲು ಬರುವ ಮೊದಲು ಅಲ್ಲಿ ಬರೀ ಬಂಡಿಜಾಡು ಇತ್ತೆಂದು ಹಿರಿಯರು ಹೇಳುತ್ತಿದ್ದರು. ರೈಲು ಬಂದ ಮೇಲೆ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿಗಳು ಬಂದವು, ಬೇಳೆ ಗಿರಣಿ ಬಂತು, ನಿಜಾಮ ಸರಕಾರದ ಸುಂಕದ ನಾಕೆ ಬಂತು, ಬಟ್ಟೆಯಂಗಡಿ, ಚಹಾದ ಹೋಟೆಲು ಎಲ್ಲ ಬಂದವು. ಒಂದೇ ಚೀಲ ತೊಗರಿಗೆ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಚೌಕಾಸಿ ನಡೆಯುತ್ತಿತ್ತು. ಆಮೇಲೊಂದು ಬೇಸಗೆಯಲ್ಲಿ ಹೈದರಾಬಾದಿನಿಂದ ದೊಡ್ಡ ಅಧಿಕಾರಿ ಬರುತ್ತಾರೆಂದು ಕೇರಿಯ ಗಂಡಸರನ್ನೂ ಹೆಂಗಸರನ್ನೂ ಬಿಟ್ಟಿ ಚಾಕರಿಗೆ ಹಿಡಿದು ಬೀದಿಯುದ್ದಕ್ಕೂ ಹಾಸುಗಲ್ಲು ಹಾಸಿಸಿದರು. ಅಂಜಪ್ಪನ ತಂದೆ ಪೋಚಪ್ಪ ಆ ಕಲ್ಲು ಹೊತ್ತವರಲ್ಲೊಬ್ಬ. ಕೇರಿಯವರು ಕಾಲಿನ ಜೋಡು ಕೈಗೆ ತೆಗೆದುಕೊಂಡೇ ಬೀದಿ ದಾಟಬೇಕೆಂಬ ಕಟ್ಟಳೆ ಮೊದಲಿಂದಲೂ ಇತ್ತು. ಕಲ್ಲು ಹಾಸಿದ ಮೇಲೆ ಅದು ಇನ್ನೂ ಬಿಗಿಯಾಯಿತು. ಮಣ್ಣಿನ ಮೇಲೆ ಬರಿಗಾಲು ಹೇಗೋ ತಾಳುತ್ತಿತ್ತು. ಬೇಸಗೆಯಲ್ಲಿ ಕಾದ ಕಲ್ಲಿನ ಮೇಲೆ ಕೇರಿಯವರು ಚರಂಡಿಯ ಅಂಚು ಹಿಡಿದು ಓಡುತ್ತಿದ್ದರು.

ಭೀಮಮ್ಮ ಅದನ್ನು ಮರೆತಿದ್ದಳೆಂದಲ್ಲ. ತನಗೆ ಕಾಲಿವೆ ಎಂಬುದೇ ಅವಳ ಗಮನದಲ್ಲಿರಲಿಲ್ಲ. ಮುಂಬಯಿಯ ಚಪ್ಪಲಿಯಲ್ಲೇ ಬೀದಿಯ ನಡುವೆ ನಡೆದುಹೋದಳು. ಅಡತಿಯವರ ಮಾತು ನಿಂತಿತು. ಬಟ್ಟೆಯಂಗಡಿಯ ಕಾಶಿರಾಮ ಅಳೆಯುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲೆ ಬಿಟ್ಟು ನೋಡಿದ. ಅವಳು ಯಾರನ್ನೂ ನೋಡಲಿಲ್ಲ.

ಗುಡಿಸಿಲ ಮುಂದೆ ಕೂತಿದ್ದ ಪೋಚಪ್ಪ ಮೊದಲು ಅವಳ ಹಣೆ ನೋಡಿದ, ಆಮೇಲೆ ಕಾಲು ನೋಡಿದ. ಮಗ ಹೋದ ಸುದ್ದಿ ಊರವರೊಬ್ಬರ ಬಾಯಿಂದ ಆಗಲೇ ಮುಟ್ಟಿತ್ತು.

"ಬೀದ್ಯಾಗ ಹಿಂಗೇ ಬಂದಿ ಏನು?"

"ಹೌದನಸ್ತದ, ಮಾವ."

ಮುದುಕ ಅವಳ ಕೈಯ ಗಂಟು ಇಸಿದುಕೊಂಡು, "ಅವಂಗ ಹೆಂಗಾತು?" ಎಂದ.

ಅವಳು ಬೇರೆ ಯಾರದೋ ಕಥೆ ಹೇಳಿದಂತೆ ಹೇಳಿದಳು. ಬಂದರಿನಲ್ಲಿ ಹಡಗಿಗೆ ಏರಿಸುತ್ತಿದ್ದ ಹತ್ತಿಯ ದೊಡ್ಡ ಮೂಟೆ ಹಗ್ಗ ಹರಿದು ಅಂಜಪ್ಪನ ಮೇಲೆ ಬಿತ್ತು. ಬಂದರಿನ ಮುಂದೆ ದೊಡ್ಡ ರಸ್ತೆ. ಅಲ್ಲೇ ತಂದು ಮಲಗಿಸಿದರು.

"ಆ ರಸ್ತ್ಯಾಗ ನಮ್ಮ ಕಾಲ ಯಾರೂ ನೋಡ್ತಿದ್ದಿಲ್ಲ, ಮಾವ. ಅವ ಸತ್ತು ಬಿದ್ದಾಗ ಅವನ್ನೂ ಯಾರೂ ನೋಡಲಿಲ್ಲ. ಟ್ರಾಮ್ ಬಂತು, ಹೋತು."

ಪೋಚಪ್ಪ ಮುಖದ ಮೇಲೆ ಪಂಚೆ ಎಳೆದುಕೊಂಡು ಅತ್ತ. ಭೀಮಮ್ಮ ಅಳಲಿಲ್ಲ. ಗಂಡ ಸತ್ತ ದಿನದಿಂದಲೂ ಅವಳಿಗೆ ಅಳು ಬಂದಿರಲಿಲ್ಲ. ಒಲೆಯ ಬೂದಿ ತೆಗೆದು ಹಿಟ್ಟು ನಾದಿಕೊಂಡಳು.

ಮರುದಿನ ಮುಂಜಾನೆ ಇಬ್ಬರಿಗೂ ಚಾವಡಿಯಿಂದ ಕರೆ ಬಂತು. ಪಟೇಲರು ಮೇಲೆ ಕೂತಿದ್ದರು, ಬೀದಿಯ ಪರವಾಗಿ ಕಾಶಿರಾಮ ಬಂದಿದ್ದ.

"ತಪ್ಪಾಗ್ಯದರಿ," ಪೋಚಪ್ಪ ನೆಲ ಮುಟ್ಟಿದ. "ಗಂಡನ್ನ ಕಳಕೊಂಡು ಬಂದಾಳ. ಆಕಿಗಿ ಮೈಮ್ಯಾಲ ಖಬರಿಲ್ಲ."

ಕಾಶಿರಾಮ ಮೆಲ್ಲಗೆ ಹೇಳಿದ: "ನಂಗ ಆಕಿ ಮ್ಯಾಲ ಸಿಟ್ಟಿಲ್ಲ, ಪೋಚಪ್ಪ. ಖರೆ ಹೇಳ್ತೀನಿ, ಅಂಜಪ್ಪ ಛಲೋ ಮನಷಾ. ಆದ್ರ ಬೀದಿ ರಿವಾಜಂತ ಒಂದದ. ಇವತ್ತ ಈಕಿ ನಡದ್ಳು, ನಾಳಿ ಕೇರಿಯೆಲ್ಲಾ ನಡೀತದ. ದೊಡ್ಡ ಮಂದಿ ನನ್ನ ಅಂಗಡಿ ಕಟ್ಟಿ ಹತ್ತೂದ ಬಿಟ್ರ ನಾ ಏನ್ ಮಾಡ್ಲಿ?"

"ನೀ ಏನಂತಿ?" ಪಟೇಲರು ಅವಳನ್ನು ಕೇಳಿದರು.

"ಏನಿಲ್ರಿ."

ಆ ತಣ್ಣಗಿನ ಮಾತು ಅವರಿಗೆ ಸೊಕ್ಕಿನಂತೆ ಕೇಳಿಸಿತು. ಮಟಮಟ ಮಧ್ಯಾಹ್ನ ಚಪ್ಪಲಿಯನ್ನು ತಲೆಯ ಮೇಲಿಟ್ಟುಕೊಂಡು, ಬರಿಗಾಲಲ್ಲಿ, ಸ್ಟೇಶನ್‌ನಿಂದ ಕೇರಿಯವರೆಗೆ ನಡೆಯಬೇಕು. ಇಲ್ಲವಾದರೆ ಕೇರಿಯವರಾರಿಗೂ ಬೀದಿಯಲ್ಲಿ ಹಮಾಲಿ ಕೆಲಸವಿಲ್ಲ ಎಂದು ಪಟೇಲರು ತೀರ್ಪು ಕೊಟ್ಟರು.

"ಆಗಲ್ರಿ," ಎಂದಳು ಭೀಮಮ್ಮ. ಅವಳಿಗೆ ಅದೂ ಒಂದೇ, ಇದೂ ಒಂದೇ.

ಮಧ್ಯಾಹ್ನ ಅಂಗಡಿ ಅಂಗಡಿಯ ಮುಂದೆ ಜನ ನಿಂತಿದ್ದರು. ಪಟೇಲರ ತಳವಾರ ಮುಂದೆ ನಡೆದ. ಅವನ ಹಿಂದೆ ತಲೆಯ ಮೇಲೆ ಚಪ್ಪಲಿ ಹೊತ್ತು ಭೀಮಮ್ಮ, ಅವಳ ಹಿಂದೆ ಪೋಚಪ್ಪ. ಗಿರಣಿಯವರೆಗೆ ಅವಳಿಗೆ ಏನೂ ಅನ್ನಿಸಲಿಲ್ಲ. ಚಹಾದ ಹೋಟೆಲಿನಲ್ಲಿ ಯಾರೋ ನಕ್ಕದ್ದು ಕೇಳಿಸಿತು, ಅದೂ ತಟ್ಟಲಿಲ್ಲ. ಕಾಶಿರಾಮನ ಅಂಗಡಿಯ ಹತ್ತಿರ ಬರುತ್ತಿದ್ದಂತೆ ಅಂಗಾಲು ಸುಟ್ಟಿತು. ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ, ಉರಿ ಮೊಣಕಾಲಿಗೇರಿತು. ಎಷ್ಟೋ ದಿನದ ಮೇಲೆ ತನ್ನ ಮೈಯಲ್ಲಿ ಏನೋ ಆಗುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಅದರ ಬೆನ್ನಿಗೇ ಅಂಜಪ್ಪನ ಪಾದಗಳು ಕಣ್ಣಿಗೆ ಕಟ್ಟಿದವು. ಬಂದರಿನ ರಸ್ತೆಯಲ್ಲಿ ಅವನ ಮೇಲೆ ಗೋಣಿ ಹೊದಿಸಿದ್ದರು. ಗೋಣಿ ಗಿಡ್ಡವಾಗಿ ಎರಡೂ ಪಾದ ಹೊರಗೆ ಉಳಿದಿದ್ದವು.

ಅವಳು ಬೀದಿಯ ನಡುವೆ ಕುಸಿದು ಕೂತಳು. ಗಂಡನ ಹೆಸರು ಹಿಡಿದು ಅತ್ತಳು. ಚಪ್ಪಲಿ ಉರುಳಿ ಬಿದ್ದವು. ಹೋಟೆಲಿನ ನಗು ನಿಂತಿತು.

"ಏಳು, ಏಳು," ತಳವಾರ ಗದರಿದ. "ಇನ್ನಾ ಅರ್ಧ ದಾರಿ ಅದ."

ಪೋಚಪ್ಪ ಸೊಸೆಯ ಮುಂದೆ ಬಗ್ಗಿದ. ಅವಳ ಅಂಗಾಲಿನಲ್ಲಿ ಬೊಕ್ಕೆಗಳೆದ್ದಿದ್ದವು. ಅವನು ಚಪ್ಪಲಿ ಎತ್ತಿಕೊಂಡು, ಪಂಚೆಯ ಚುಂಗಿನಿಂದ ಒರೆಸಿ, ಅವಳ ಕಾಲ ಬಳಿ ಇಟ್ಟ.

"ಹಾಕ್ಕೋ, ತಾಯಿ."

"ಪೋಚಪ್ಪ, ನಿನ್ನ ತಲಿ ಕೆಟ್ಟದೇನು?" ತಳವಾರನ ದನಿ ಏರಿತು.

"ಈ ಕಲ್ಲ ಹೊತ್ತು ನನ್ನ ಬೆನ್ನ ಡೊಂಕಾಗ್ಯದ. ಆವತ್ತ ಯಾರೂ ಮೈಲಿಗಿ ಅನ್ನಲಿಲ್ಲ," ಎಂದ ಮುದುಕ. "ಕೆಲಸ ಕೊಡಬ್ಯಾಡ್ರಿ. ಮಗನ್ನ ಕೊಟ್ಟು ಕೂತೀನಿ, ಇನ್ನೇನ್ ತಗೋತೀರಿ?"

ಭೀಮಮ್ಮ ಚಪ್ಪಲಿ ಮೆಟ್ಟಿ, ಮಾವನ ಹೆಗಲು ಹಿಡಿದು ಎದ್ದಳು.

ತಳವಾರ ಅಂಗಡಿಯತ್ತ ತಿರುಗಿದ. "ನೋಡಿದ್ರಲ್ಲ, ಸಾವಕಾರ್ರ? ಪಟೇಲ್ರ ಮುಂದ ಸಾಕ್ಷಿ ಹೇಳ್ಬೇಕು ನೀವು."

ಕಾಶಿರಾಮ ಅವಳ ಕಾಲನ್ನೇ ನೋಡುತ್ತಿದ್ದ. ತಟ್ಟನೆ ಗಜಕೋಲು ಕೈಗೆತ್ತಿಕೊಂಡ. "ನಾ ಬಟ್ಟಿ ಅಳೀಲಿಕತ್ತಿದ್ದೆ. ಏನೂ ನೋಡಿಲ್ಲ," ಎಂದ. ಅಂಗಡಿಯಲ್ಲಿ ಗಿರಾಕಿ ಯಾರೂ ಇರಲಿಲ್ಲ.

ಮಾವ ಸೊಸೆ ನಿಧಾನವಾಗಿ ಬೀದಿ ಮುಗಿಸಿದರು.

ಪಟೇಲರು ಆಡಿದ ಮಾತು ನಡೆಸಿದರು. ಕೇರಿಯ ಕೆಲಸ ನಿಂತಿತು. ಎಷ್ಟೋ ಒಲೆಗಳು ಒಪ್ಪತ್ತು ಮಾತ್ರ ಉರಿದವು. ನೆರೆಮನೆಯ ಹಣಮಮ್ಮ ಬಾಗಿಲಲ್ಲಿ ನಿಂತು, "ನಿನ್ನ ಮುಂಬೈ ಮಿಜಾಜಿಗಿ ನನ್ನ ಮಕ್ಕಳು ಉಪವಾಸ," ಎಂದು ಬೈದು ಹೋದಳು. ಈಗ ಅಂಥ ಮಾತು ಭೀಮಮ್ಮನಿಗೆ ನೋಯುತ್ತಿತ್ತು. ಅಡತಿಯವರು ಹೊರಗಿನಿಂದ ಆಳು ತಂದು ನೋಡಿದರು, ಅವರು ನಿಲ್ಲಲಿಲ್ಲ. ನಿಲ್ದಾಣದಲ್ಲಿ ತೊಗರಿ ಚೀಲಗಳು ಹಾಗೇ ಬಿದ್ದವು. ಮಳೆಗಾಲ ಹತ್ತಿರ ಬಂದಾಗ ಕೇರಿಗೆ ಕರೆ ಬಂತು. ಜೋಡಿನ ಮಾತನ್ನು ಯಾರೂ ಎತ್ತಲಿಲ್ಲ.

ಕೆಲಸಕ್ಕೆ ಹೊರಡುವ ಹಿಂದಿನ ಸಂಜೆ ಹಣಮಮ್ಮ ಬಂದು ಒಲೆಯ ಪಕ್ಕ ಕೂತಳು. ಆ ಮಾತು ಈ ಮಾತು ಆಡಿ, ಎದ್ದು ಹೊರಟವಳು ಹೊಸ್ತಿಲಲ್ಲಿ ನಿಂತಳು.

"ಭೀಮಿ, ಸಮಗಾರಗ ಹೇಳಿ ಒಂದ್ ಜೋಡು ಮಾಡಿಸಬೇಕಂತೀನಿ. ನಂಗ ಕೇಳಾಕ ಬಾಯಿ ಬರವಲ್ದು. ನೀ ಬರ್ತಿ ಏನು?"

ಭೀಮಮ್ಮ ಒಲೆಯ ಕಟ್ಟಿಗೆ ಹಿಂದಕ್ಕೆಳೆದು ಬೂದಿಯಲ್ಲಿ ಒತ್ತಿದಳು. "ಬರ್ತೀನಿ," ಎಂದು ಎದ್ದು, ಅಳತೆಗೆ ಒಂದು ದಾರ ಹುಡುಕಿದಳು. "ಕೂಡು. ಮೊದಲ ನಿನ್ನ ಕಾಲ ತೋರ್ಸು."