ಸಾವಕಾಶದ ಕರಾರು

ಸೋಲಾಪುರದ ನವಿ ಪೇಠದಲ್ಲಿ ಟಾವೆಲ್ ವ್ಯಾಪಾರ ಮಾಡುವ ಸಾತಲಿಂಗಪ್ಪನವರಿಗೆ ತಡವೆಂದರೆ ಆಗದು. ಮದುವೆಗೆ ಕರೆದರೆ ಅಕ್ಷತೆಗೆ ಎರಡು ತಾಸು ಮೊದಲೇ ಹೋಗಿ ಖಾಲಿ ಕುರ್ಚಿಗಳ ನಡುವೆ ಒಬ್ಬರೇ ಕೂತಿರುತ್ತಿದ್ದರು. ಇವರನ್ನು ಕಂಡು ಅಡುಗೆಯವರು ಗಾಬರಿಯಿಂದ ಒಲೆ ಹೊತ್ತಿಸುತ್ತಾರೆ ಎಂದು ಹೆಂಡತಿ ರತ್ನಾಬಾಯಿ ಬಂದವರೆದುರೆಲ್ಲ ಹೇಳಿ ನಗುತ್ತಿದ್ದರು. ಮೂವತ್ತು ವರ್ಷದಿಂದ ಅವರ ಕಾರಖಾನೆಯ ಟಾವೆಲ್ಲುಗಳು ಮುಂಬೈಯಿಂದ ಹಡಗು ಹತ್ತಿ ಜರ್ಮನಿಗೆ ಹೋಗುತ್ತಿದ್ದವು. ಒಮ್ಮೆಯೂ ತಡವಾಗಿ ಮುಟ್ಟಿರಲಿಲ್ಲ. ಅದೇ ಅವರ ದೊಡ್ಡ ಹೆಮ್ಮೆ.

ಈ ವರ್ಷ ಹ್ಯಾಂಬರ್ಗಿನ ಗಿರಾಕಿ ಕಂಪನಿ ಹೊಸ ಕರಾರುಪತ್ರ ಕಳಿಸಿತು. ಅಂಗಡಿಯ ಗುಮಾಸ್ತ ಗುರುಸಿದ್ಧ ಅದನ್ನು ಓದುತ್ತ ಓದುತ್ತ ಹದಿನಾಲ್ಕನೇ ಕಲಂಗೆ ಬಂದು ನಿಂತ.

“ಸಾಹುಕಾರ್ರ, ಮಾಲು ಸಾವಕಾಶ ಹೋಗೋ ಹಡಗದಾಗ ಕಳಸ್ರಿ ಅಂದಾರ. ಅದರಿಂದ ತಡಾ ಆದ್ರ ನಮ್ಮ ತಪ್ಪಲ್ಲಂತ.”

ತಡವಾಗಿ ಬನ್ನಿ ಎಂದು ಯಾರಾದರೂ ಕರೆಯುತ್ತಾರೆಯೇ? ತಮ್ಮನ್ನು ಮೆಲ್ಲಗೆ ಕೈಬಿಡುವ ಉಪಾಯವೇ ಇರಬೇಕೆಂದು ಸಾತಲಿಂಗಪ್ಪನವರಿಗೆ ಅನುಮಾನ ಬಂತು. ಕೆಂಪು ಪೆನ್ನಿನಿಂದ ಆ ಕಲಂ ಹೊಡೆದುಹಾಕಿ, ಸಹಿ ಮಾಡಿ, ಅಂದೇ ಸಂಜೆ ಕಳಿಸಿಬಿಟ್ಟರು. ಮರುದಿನ ಉತ್ತರ ಬಂತು: ಆ ಕಲಂ ಇಲ್ಲದಿದ್ದರೆ ಕರಾರೇ ಇಲ್ಲ.

ಅಕ್ಕಲಕೋಟೆಯ ಕೋರ್ಟಿನಲ್ಲಿ ಸಾತಲಿಂಗಪ್ಪನವರ ತಂಗಿ ಇಂದುಬಾಯಿಯ ಮಗಳು ರೂಪಾಲಿ ವಕೀಲಿ ಮಾಡುತ್ತಿದ್ದಳು. ಕರಾರು ತೋರಿಸಬೇಕೆಂದು ಕೇಳಿದಾಗ, ಹನ್ನೊಂದರ ಮೇಲೆ ಬನ್ನಿ ಎಂದು ಅವಳು ಹೇಳಿದ್ದಳು. ಇವರು ದಾರಿಯ ಲಾರಿಗಳನ್ನೆಲ್ಲ ಹಿಂದೆ ಹಾಕಿ ಒಂಬತ್ತೂವರೆಗೇ ಮುಟ್ಟಿದರು. ಕೋರ್ಟಿನ ಗೇಟು ಹಾಕಿತ್ತು. ಬಿಸಿಲು ಏರುತ್ತಿತ್ತು. ಎಸಿಗಾಗಿ ಇಂಜಿನ್ ಚಾಲೂ ಇಟ್ಟುಕೊಂಡು ಕಾರಿನಲ್ಲೇ ಕೂತರು.

ರೂಪಾಲಿ ಬಂದವಳು ಅದನ್ನು ನೋಡಿದಳು. ತನ್ನ ಮೇಜಿನ ಬಳಿ ಕೂತು ಕರಾರನ್ನು ಹತ್ತು ನಿಮಿಷದಲ್ಲಿ ಓದಿ ಮುಗಿಸಿದಳು.

“ಮಾಮಾ, ನೀವು ಇವತ್ತ ಹೆಂಗ ಬಂದ್ರಿ, ಹಡಗಗೋಳೂ ಹಂಗ ಹೋಗ್ತಾವರಿ,” ಎಂದಳು.

ಆಮೇಲೆ ಬಿಡಿಸಿ ಹೇಳಿದಳು. ಹಡಗಿನ ಹಳೆಯ ಕರಾರುಗಳಲ್ಲಿ, ಸಾಧ್ಯವಾದಷ್ಟು ಬೇಗ ಹೋಗಬೇಕು ಎಂದೇ ಬರೆದಿರುತ್ತದೆ. ಅದಕ್ಕಾಗಿ ಕಪ್ತಾನ ಎಣ್ಣೆ ಸುರಿದು, ಹೊಗೆ ಬಿಟ್ಟು ಓಡುತ್ತಾನೆ. ಹೋಗಿ ನೋಡಿದರೆ ಬಂದರಿನಲ್ಲಿ ಜಾಗವಿಲ್ಲ; ಹೊರಗೆ ಸಮುದ್ರದಲ್ಲಿ ನಾಲ್ಕೈದು ದಿನ ಸಾಲು ಹಚ್ಚಿ ನಿಲ್ಲುತ್ತಾನೆ. ಹೇಗೂ ಕಾಯಬೇಕಲ್ಲ ಎಂದು ತಾನಾಗಿಯೇ ನಿಧಾನ ಮಾಡಿದನೋ, ಕರಾರು ಮುರಿದನೆಂದು ಹಡಗು ಬಾಡಿಗೆಗೆ ಹಿಡಿದವರು ಕೋರ್ಟಿಗೆ ಎಳೆಯಬಹುದು.

“ಇಂಜಿನ್ ಬದಲಸೋದು ಆಮ್ಯಾಗಿನ ಮಾತು. ಮೊದಲ ಕಾಗದ ಬದಲಾಗಬೇಕು. ಸಾವಕಾಶ ಹೋದ್ರ ತಪ್ಪಲ್ಲ ಅಂತ ಎಲ್ಲಾರೂ ಬರದ ಕೊಟ್ರ ಅಂವಾ ಸುಮ್ಮಸುಮ್ಮನ ಯಾಕ ಓಡಸ್ತಾನ?”

“ಹೊಗಿ ಅವರ ಹಡಗಿಂದು. ನನಗೇನ ಸಂಬಂಧ?”

“ಹಡಗದಾಗಿನ ಟಾವೆಲ್ ನಿಮ್ಮವಲ್ಲೇನ್ರಿ?”

ಸಾತಲಿಂಗಪ್ಪನವರು ಪೆನ್ನು ಹೊರತೆಗೆದರು. ಆದರೆ ಒಂದು ಹಟ ಹಿಡಿದರು. ತಾವು ದುಧನಿಯ ಕನ್ನಡ ಸಾಲಿಯಲ್ಲಿ ಕಲಿತವರು; ಇಡೀ ಕರಾರು ಕನ್ನಡದಲ್ಲಿ ಕಣ್ಣಿಗೆ ಕಾಣದ ಹೊರತು ಈ ಸಲ ಸಹಿ ಹಾಕುವುದಿಲ್ಲ. ರೂಪಾಲಿಗೆ ಇಂಗ್ಲಿಷ್, ಮರಾಠಿ ನೀರು ಕುಡಿದಷ್ಟು ಸಲೀಸು. ಮನೆಯ ಮಾತಾದ ಕನ್ನಡವನ್ನು ಬರೆಯಲು ಕೂತರೆ ಮಾತ್ರ ಒಂದೊಂದು ಅಕ್ಷರಕ್ಕೂ ತಡವರಿಸುತ್ತಿದ್ದಳು. ಹೀಗಾಗಿ ಅವಳು ಬಾಯಲ್ಲಿ ಹೇಳುವುದು, ಇವರು ಬರೆದುಕೊಳ್ಳುವುದು ಎಂದಾಯಿತು. ಶನಿವಾರ, ಭಾನುವಾರ ಎರಡೂ ದಿನ ಇಂದುಬಾಯಿಯ ಮನೆಯ ಪಡಸಾಲೆಯಲ್ಲಿ ಕೂತು ಬರೆದರು. ಒಟ್ಟು ಇಪ್ಪತ್ತೆರಡು ಕಲಂಗಳು. ಸಾಲಿಯಲ್ಲಿ ಅಣ್ಣ ಇಷ್ಟು ಬರೆದಿದ್ದರೆ ಮಾಸ್ತರು ಕಣ್ಣೀರು ಹಾಕುತ್ತಿದ್ದರೆಂದು ಇಂದುಬಾಯಿ ಶೇಂಗಾ ಹೋಳಿಗೆ ತಂದಿಡುತ್ತ ಅಂದಳು.

ಹದಿನಾಲ್ಕನೆಯದನ್ನು ಬರೆಯುತ್ತಿದ್ದಾಗ ಸಾತಲಿಂಗಪ್ಪನವರ ಕೈ ನಿಂತಿತು. ಹಿಂದಿನ ಹಾಳೆಗಳನ್ನು ತಿರುವಿ, ಮುಂಜಾನೆ ತಾವೇ ಬರೆದ ಒಂಬತ್ತನೆಯದರ ಮೇಲೆ ಬೆರಳಿಟ್ಟರು.

“ರೂಪಾ, ಇಲ್ಲಿ ನೋಡು. ಒಂಬತ್ತರಾಗ ಮೂವತ್ತೈದು ದಿನದಾಗ ಮಾಲು ಮುಟ್ಟಲೇಬೇಕು, ಕಾರಣ ಏನರ ಇರ್ಲಿ, ಇಲ್ಲಾಂದ್ರ ತೊಗೊಳ್ಳಂಗಿಲ್ಲ ಅಂತೈತಿ. ಹದಿನಾಲ್ಕರಾಗ ಸಾವಕಾಶ ಬಾ ಅಂತೈತಿ. ಹಡಗ ನಲವತ್ತ ದಿನಾ ತೊಗೊಂಡ್ರ ಯಾವ ಕಲಂ ಖರೇ?”

ರೂಪಾಲಿ ಇಂಗ್ಲಿಷ್ ಪ್ರತಿಯನ್ನು ಎರಡು ಸಲ ಓದಿದಳು. ಅವಳ ಕಿವಿಗಳು ಕೆಂಪಾದವು.

“ಇದು ನನ್ನ ಕಣ್ಣಿಗೆ ಬೀಳಲೇ ಇಲ್ಲರಿ, ಮಾಮಾ.”

“ನೀ ಗಡಿಬಿಡಿ ಮಾಡಿ ಓದಿದಿ,” ಎಂದರು ಸಾತಲಿಂಗಪ್ಪನವರು, ಜನ್ಮದಲ್ಲಿ ಒಮ್ಮೆಯೂ ಗಡಿಬಿಡಿ ಮಾಡಿದವರಲ್ಲ ಎಂಬಂತೆ ಗಂಭೀರವಾಗಿ.

ಇಂದುಬಾಯಿ ನಗು ತಡೆಯಲಾರದೆ ಅಡುಗೆಮನೆಗೆ ಹೋದಳು.

ಸೋಮವಾರ ಹ್ಯಾಂಬರ್ಗಿನ ಅಧಿಕಾರಿಣಿಯೊಡನೆ ವಿಡಿಯೊದಲ್ಲಿ ಮಾತಾಯಿತು. ರೂಪಾಲಿ ಎರಡೂ ಕಲಂಗಳನ್ನು ಒಂದರ ಪಕ್ಕ ಒಂದು ಓದಿದಳು. ಆ ಹೆಂಗಸು ತನ್ನ ಪ್ರತಿಯನ್ನು ತಿರುವಿ ನೋಡಿ, ಒಂಬತ್ತನೆಯದು ಹಳೆಯ ಕರಾರಿನಿಂದ ಹಾಗೇ ಇಳಿದುಬಂದದ್ದು, ಯಾರೂ ಗಮನಿಸಿಲ್ಲ ಎಂದು ಒಪ್ಪಿಕೊಂಡಳು. ಹಡಗು ನಿಧಾನ ಮಾಡಿದ ದಿನಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ತಿದ್ದಿ, ತಮಗೆ ಮಾಲು ಕಳಿಸುವ ಬೇರೆಯವರಿಗೂ ಅದೇ ತಿದ್ದುಪಡಿ ಕಳಿಸುವುದಾಗಿ ಹೇಳಿದಳು. ಸಾತಲಿಂಗಪ್ಪನವರು ರೂಪಾಲಿಯ ಮೂಲಕ ಇನ್ನೊಂದು ಮಾತು ಕೇಳಿಸಿದರು: ಸಾವಕಾಶ ಬಾ ಎಂದು ಕಪ್ತಾನನಿಗೂ ಬರೆದುಕೊಟ್ಟಿದ್ದೀರಾ, ಇಲ್ಲಾ ನಮ್ಮೊಬ್ಬರಿಗೇನಾ? ಅವಳು ಹಡಗಿನ ಕಂಪನಿಯೊಡನೆ ಮಾಡಿಕೊಂಡ ಕರಾರನ್ನು ತೋರಿಸಿದಳು. ಬಂದರಿನವರು ಕೊಟ್ಟ ದಿನಕ್ಕೆ ಸರಿಯಾಗಿ ಮುಟ್ಟುವಂತೆ ವೇಗ ಇಳಿಸಬಹುದು, ಅದು ತಪ್ಪಲ್ಲ ಎಂದು ಅದರಲ್ಲೂ ಇತ್ತು. ಆಗ ಸಹಿ ಬಿತ್ತು.

ಹಡಗು ಹೊರಟಿತು. ಕಾಗದದ ಮೇಲೆ ಒಪ್ಪಿದ್ದ ಸಾತಲಿಂಗಪ್ಪನವರ ಜೀವ ಮಾತ್ರ ಒಪ್ಪಲಿಲ್ಲ. ಹಡಗು ಎಲ್ಲಿದೆಯೆಂದು ತೋರಿಸುವ ಆ್ಯಪ್ ಒಂದನ್ನು ಗುರುಸಿದ್ಧ ಅವರ ಮೊಬೈಲಿಗೆ ಹಾಕಿಕೊಟ್ಟಿದ್ದ. ಊಟಕ್ಕೆ ಕೂತಾಗಲೂ ಮೊಬೈಲನ್ನು ತಾಟಿನ ಪಕ್ಕ ಇಟ್ಟುಕೊಳ್ಳುತ್ತಿದ್ದರು.

“ನಿನ್ನಿನೂ ಇಲ್ಲೇ ಇತ್ತು, ಇವತ್ತೂ ಇಲ್ಲೇ ಐತಿ.”

“ಹೋಗಿ ಹಿಂದಿನಿಂದ ದೂಡ್ತೀರೇನು?” ಎಂದು ಕೇಳಿದರು ರತ್ನಾಬಾಯಿ.

ನಲವತ್ತೊಂದನೆಯ ದಿನ ಹಡಗು ಮುಟ್ಟಿತು. ಹೊರಗೆ ಒಂದು ತಾಸೂ ಕಾಯದೆ ನೇರವಾಗಿ ಬಂದರಿನ ದಕ್ಕೆಗೆ ಹೋಗಿ ನಿಂತಿತಂತೆ. ಹೋದ ವರ್ಷದ ಹಡಗು ಸುಟ್ಟ ಎಣ್ಣೆಯಲ್ಲಿ ಐದರಲ್ಲಿ ಒಂದು ಪಾಲು ಈ ಸಲ ಉಳಿತಾಯವಾಗಿದೆ, ಹೊಗೆಯೂ ಅಷ್ಟೇ ಕಡಿಮೆಯಾಗಿದೆ ಎಂದು ಹ್ಯಾಂಬರ್ಗಿನಿಂದ ಬರೆದಿದ್ದರು. ಸಾತಲಿಂಗಪ್ಪನವರು ಆ ಸಾಲನ್ನು ಗುರುಸಿದ್ಧನಿಂದ ಎರಡು ಸಲ ಓದಿಸಿದರು. ಆಮೇಲೆ ಅಷ್ಟು ದಿನ ತಾಳ್ಮೆಯಿಂದ ಹಡಗು ನಡೆಸಿದ ಆ ಕಪ್ತಾನ ಯಾರೋ ಪುಣ್ಯಾತ್ಮ, ಅವನಿಗೊಂದು ಒಳ್ಳೆಯ ಸೋಲಾಪುರಿ ಚಾದರ ಹೋಗಬೇಕು ಎಂದರು. ಕಪಾಟಿನಿಂದ ತಾವೇ ಆರಿಸಿ ತೆಗೆದು, ಇವತ್ತೇ ವಿಮಾನದ ಕುರಿಯರಿಗೆ ಹಾಕೆಂದು ಗುರುಸಿದ್ಧನ ಕೈಗೆ ಕೊಟ್ಟು, ಈ ಸುದ್ದಿ ಹೇಳಲು ರೂಪಾಲಿಗೆ ಫೋನ್ ಮಾಡಿದರು.

ಅವಳು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: “ವಿಮಾನದಾಗೇನ್ರಿ, ಮಾಮಾ?”

ಸಾತಲಿಂಗಪ್ಪನವರು ಮೆಟ್ಟಿಲಿಳಿಯುತ್ತಿದ್ದ ಗುರುಸಿದ್ಧನನ್ನು ಕೂಗಿ ಕರೆದು, ಚಾದರವನ್ನು ಮುಂದಿನ ಹಡಗಿನ ಮಾಲಿನಲ್ಲಿ ಇಡಲು ಹೇಳಿದರು.

“ಅಲ್ಲಿ ಥಂಡಿ ಬೀಳೋದ್ರಾಗ ಮುಟ್ಟಿದ್ರ ಸಾಕು,” ಎಂದರು.