ಖಾಲಿ ಚೌಕಕ್ಕೊಂದು ಕ್ಯಾಮೆರಾ

ಮದುವೆಯಾಗಿ ಮನೆಗೆ ಬಂದಂದಿನಿಂದ ಅತ್ತಿಗೆ ದನಿ ಎತ್ತಿ ಮಾತಾಡಿದ್ದನ್ನು ನಾದಿನಿ ಕಂಡವಳಲ್ಲ. ಅಡುಗೆಗೆ ಏನು ಮಾಡೋಣ ಎಂದರೆ 'ಏನಾದರೂ ಸರಿ', ಎಲ್ಲಿಗೆ ಹೋಗೋಣ ಎಂದರೆ 'ನೀವು ಹೇಳಿದ ಕಡೆ'. ಅಂಥವಳಿಗೆ ಬೆಟ್ಟದ ಜೀವಸಂಪತ್ತನ್ನು ಉಳಿಸುವ ಯೋಜನೆಯಲ್ಲಿ ದೊಡ್ಡ ಹೊಣೆ ಸಿಕ್ಕಿತೆಂದಾಗ ಮನೆಯವರೆಲ್ಲ ಖುಷಿಪಟ್ಟರು. ನಾದಿನಿಗೆ ಮಾತ್ರ, ಅಲ್ಲಿನ ಜನ ಇವಳ ತಲೆಯ ಮೇಲೆ ಹತ್ತಿ ಕೂರುತ್ತಾರೇನೋ ಎಂಬ ಅಳುಕು.

ನಾದಿನಿಯದು ಕ್ಯಾಮೆರಾ ರಿಪೇರಿ ಅಂಗಡಿ. ಎಲ್ಲರ ಕೈಗೂ ಫೋನು ಬಂದ ಮೇಲೆ ಅಲ್ಲಿ ನೊಣ ಹೊಡೆಯುವುದೇ ದೊಡ್ಡ ಕೆಲಸವಾಗಿತ್ತು. ಒಂದು ಮಧ್ಯಾಹ್ನ ಅತ್ತಿಗೆ ಅಂಗಡಿಗೇ ಬಂದಳು.

"ಪುಟ್ಟೀ, ಬೆಟ್ಟದ ಮೇಲೆ ಕ್ಯಾಮೆರಾ ಇಡಬೇಕು ಕಣೇ. ಚಳಿಗೆ ಬ್ಯಾಟರಿ ಕೈಕೊಡ್ತಿದೆ, ಗಾಜಿಗೆ ಮಂಜು ಹಿಡೀತಿದೆ. ನನ್ನ ಜೊತೆ ಬರ್ತೀಯಾ?"

ನಾದಿನಿ ಅಂದೇ ಅಂಗಡಿಗೆ ಬೀಗ ಜಡಿದಳು.

ಯೋಜನೆಯ ಕಚೇರಿ ಎಂದರೆ ಬೆಟ್ಟದ ಬುಡದಲ್ಲಿ ತಗಡಿನ ಸೂರಿನ ಒಂದು ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಚಾರ್ಜರುಗಳು ಜೋತಾಡುತ್ತಿದ್ದವು. ಕಿಟಕಿಯ ಕೆಳಗೆ ಒದ್ದೆ ಬೂಟುಗಳು, ಮೇಜಿನ ಮೇಲೆ ಬೆಟ್ಟದ ದೊಡ್ಡ ನಕ್ಷೆ. ಅತ್ತಿಗೆ ನಕ್ಷೆಯನ್ನು ಚೌಕ ಚೌಕವಾಗಿ ಗೀಚಿ, ಚೀಟಿ ಎತ್ತಿ ಕೆಲವು ಚೌಕಗಳನ್ನು ಆರಿಸಿದ್ದಳು. ಆ ಚೌಕಗಳಲ್ಲಿ ಯಾವ ಗಿಡ, ಯಾವ ಹಕ್ಕಿ, ಯಾವ ಪ್ರಾಣಿ ಇದೆ ಎಂದು ಪ್ರತಿ ವರ್ಷವೂ ಒಂದೇ ಕ್ರಮದಲ್ಲಿ ನೋಡುತ್ತ ಹೋಗಬೇಕು. ಬೆಟ್ಟ ಹೇಗೆ ಬದಲಾಗುತ್ತಿದೆ ಎಂಬುದು ಆಗ ತಿಳಿಯುತ್ತದೆ.

"ಚೀಟಿ ಯಾಕೆ ಅತ್ತಿಗೆ? ಪ್ರಾಣಿ ಜಾಸ್ತಿ ಇರೋ ಕಡೇನೇ ಕ್ಯಾಮೆರಾ ಇಟ್ರೆ ಆಗಲ್ವಾ?"

"ನಮಗೆ ಬೇಕಾದ ಕಡೆ ಇಟ್ರೆ ನಮಗೆ ಬೇಕಾದ್ದೇ ಕಾಣುತ್ತೆ. ಪೂರ್ತಿ ಬೆಟ್ಟದ ಕಥೆ ಗೊತ್ತಾಗಲ್ಲ."

ಒಂದು ಚೀಟಿ ಹೋಗಿ ಹೋಗಿ ಶಿಖರದ ಕೆಳಗಿನ ಬೋಳು ಕಲ್ಲಿನ ಇಳಿಜಾರಿನ ಮೇಲೆ ಬಿದ್ದಿತ್ತು. ಯೋಜನೆಯ ಮುಖ್ಯಸ್ಥರು ಅದನ್ನು ನೋಡಿ ಹಣೆ ಚಚ್ಚಿಕೊಂಡರು. ಅವರೇನೂ ಕೆಟ್ಟವರಲ್ಲ. ಯೋಜನೆಗೆ ನೆರವು ಕೊಡುವವರ ಮುಂದೆ ಇಡಲು ನಾಲ್ಕು ಚೆಂದದ ಫೋಟೋ ಬೇಕಲ್ಲ ಎಂಬ ಚಿಂತೆ ಅವರದು.

"ಅಲ್ಲಿ ಕಲ್ಲು ಬಿಟ್ರೆ ಏನಿದೆ ಮೇಡಂ? ಆ ಕ್ಯಾಮೆರಾನ ಒರತೆ ಹತ್ತಿರ ಹಾಕ್ಬಿಡಿ. ಕರಡಿ, ಜಿಂಕೆ ಎಲ್ಲ ನೀರಿಗೆ ಅಲ್ಲಿಗೇ ಬರೋದು."

ಈಗ ಅತ್ತಿಗೆ 'ನೀವು ಹೇಳಿದ ಕಡೆ' ಎನ್ನುತ್ತಾಳೆ ಎಂದುಕೊಂಡು ನಾದಿನಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು.

"ಒರತೆ ಹತ್ತಿರ ಬೇರೊಂದು ಹಾಕಿಕೊಡ್ತೀನಿ ಸಾರ್. ಆ ಫೋಟೋಗಳನ್ನ ಲೆಕ್ಕಕ್ಕೆ ಮಾತ್ರ ಸೇರಿಸಲ್ಲ. ಇದು ಮೇಲಕ್ಕೇ ಹೋಗುತ್ತೆ."

ಅದೇ ಮೆತ್ತಗಿನ ದನಿ. ಆದರೆ ಅದನ್ನು ಕೂದಲೆಳೆಯಷ್ಟೂ ಅಲುಗಿಸಲು ಸಾಧ್ಯವಿರಲಿಲ್ಲ. ಮುಖ್ಯಸ್ಥರು "ನಿಮ್ಮಿಷ್ಟ" ಎಂದು ಗೊಣಗಿಕೊಂಡು ಹೊರಗೆ ಹೋದರು. ನಾದಿನಿ ಅತ್ತಿಗೆಯ ಮುಖವನ್ನು ಹೊಸದಾಗಿ ಕಂಡವಳಂತೆ ನೋಡುತ್ತಲೇ ಉಳಿದಳು.

ಮರುದಿನ ಬೆಳಿಗ್ಗೆಯೇ ಹೊರಟರು. ಜೊತೆಗೆ ದಾರಿ ತೋರಿಸಲು ಒಬ್ಬ ಹಿರಿಯ. ಕಚೇರಿಯಲ್ಲಿ ಎಲ್ಲರೂ ಅವನನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದರು. ಮರಗಳು ಕುಳ್ಳಾಗುತ್ತ ಬಂದು ಪೊದೆಗಳಾದವು, ಪೊದೆಗಳು ಮುಗಿದು ಹುಲ್ಲು ಬಂತು. ನಾದಿನಿಗೆ ಏದುಸಿರು. ಅತ್ತಿಗೆಗೂ ಏದುಸಿರೇ, ಆದರೂ ನಡುನಡುವೆ ಮಂಡಿಯೂರಿ ಉಗುರಿನಷ್ಟು ಹೂವನ್ನು ಮಾತಾಡಿಸುವವಳಂತೆ ಬಗ್ಗಿ ನೋಡುವಳು.

ಇನ್ನೇನು ಚೌಕ ಕಣ್ಣಿಗೆ ಕಂಡಿತು ಎನ್ನುವಾಗ ಮಂಜು ಕವಿಯಿತು. ಮೇಲಿನಿಂದ ಸಣ್ಣ ಕಲ್ಲುಗಳು ಪಟಪಟನೆ ಉರುಳಿ ಬಂದವು.

"ಕಲ್ಲು ಸಡಿಲ ಆಗಿದೆ ಮೇಡಂ," ಎಂದ ದೊಡ್ಡಪ್ಪ.

"ನಡೀರಿ, ವಾಪಸ್ ಹೋಗೋಣ," ಎಂದಳು ಅತ್ತಿಗೆ ತಕ್ಷಣ.

"ಇಷ್ಟು ಹತ್ತಿರ ಬಂದು ವಾಪಸ್ಸಾ? ಆ ಮುಖ್ಯಸ್ಥರು ನಗಲ್ವಾ?" ನಾದಿನಿಗೆ ತಡೆಯಲಾಗಲಿಲ್ಲ.

"ನಗಲಿ ಬಿಡು. ನಿನ್ನ ಕಾಲು ಮುರಿದ್ರೆ ನಿಮ್ಮಣ್ಣಂಗೆ ನಾನೇನು ಹೇಳಲಿ? ಚೌಕ ಎಲ್ಲಿಗೂ ಓಡಿಹೋಗಲ್ಲ."

ಅಷ್ಟು ಗಟ್ಟಿ ನಿಂತು ಗೆದ್ದ ಜಾಗಕ್ಕೆ ಬೆನ್ನು ತಿರುಗಿಸಿ ಅವಳು ಇಳಿಯತೊಡಗಿದ ರೀತಿ ನಾದಿನಿಯ ಮನಸ್ಸಿನಲ್ಲಿ ಕೂತುಬಿಟ್ಟಿತು. ಅದರಲ್ಲಿ ಸೋಲಿನ ಬೇಸರವೇ ಇರಲಿಲ್ಲ. ಕೆಳಗೆ ಬಂದವಳೇ ದೊಡ್ಡಪ್ಪನ ಜೊತೆ ನಕ್ಷೆ ಹರಡಿ ಕೂತು ಹಿಂಬದಿಯ ದಾರಿ ಹುಡುಕಿದಳು. ಆಕಾಶ ತಿಳಿಯಾದ ಮೇಲೆ ಶಿಖರವನ್ನು ಸುತ್ತುಹಾಕಿ, ಗಟ್ಟಿ ಬಂಡೆಯ ಮೇಲೆ ಕಾಲಿಡುತ್ತ, ಮೂವರೂ ಸುರಕ್ಷಿತವಾಗಿ ಆ ಚೌಕಕ್ಕೆ ಬಂದಿಳಿದರು.

ಕ್ಯಾಮೆರಾ ಕಟ್ಟಲು ಅಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ನಾದಿನಿ ಚಪ್ಪಟೆ ಕಲ್ಲುಗಳನ್ನು ಗೂಡಿನಂತೆ ಪೇರಿಸಿ ಅದನ್ನು ಒಳಗೆ ಬಿಗಿದಳು. ದಿನಕ್ಕೊಮ್ಮೆ ತಾನಾಗಿ, ಜೊತೆಗೆ ಪ್ರಾಣಿಯ ಮೈಬಿಸಿ ತಾಗಿದಾಗಲೆಲ್ಲ ಚಿತ್ರ ತೆಗೆಯುವ ಕ್ಯಾಮೆರಾ ಅದು. ಕಾದ ಕಲ್ಲಿನ ಬಿಸಿಗೆ ಅದು ಪ್ರಾಣಿ ಬಂತೆಂದು ಮೋಸಹೋಗದಂತೆ ಬಿಸಿಲಿಗೆ ಬೆನ್ನು ಮಾಡಿ ಕೂರಿಸಿದಳು. ಬ್ಯಾಟರಿಗೆ ಉಣ್ಣೆಯ ಕವಚ ತೊಡಿಸಿದಳು. "ನಿನ್ನ ಕೈಗೆ ಚಿನ್ನದ ಬಳೆ ತೊಡಿಸ್ಬೇಕು ಕಣೇ," ಎಂದಳು ಅತ್ತಿಗೆ.

ತಿಂಗಳ ಮೇಲೆ ತೆಗೆದು ನೋಡಿದರೆ ಕ್ಯಾಮೆರಾ ಒಂದು ದಿನವೂ ತಪ್ಪದೆ ದುಡಿದಿತ್ತು. ಆದರೆ ಚಿತ್ರಗಳಲ್ಲಿ ಕಲ್ಲು, ಮೋಡ, ಮತ್ತೆ ಕಲ್ಲು. ನಾದಿನಿಯ ಮುಖ ಸಪ್ಪಗಾಯಿತು.

ನೆರವು ಕೊಡುವವರು ಬಂದ ದಿನ ಮುಖ್ಯಸ್ಥರು ಒರತೆಯ ಕರಡಿಗಳನ್ನು ತೋರಿಸಿ ಚಪ್ಪಾಳೆ ಗಿಟ್ಟಿಸಿದರು. ಆಮೇಲೆ ಅತ್ತಿಗೆ ಎದ್ದು ಪರದೆಯ ಮೇಲೆ ಬರೀ ಕಲ್ಲುಗಳನ್ನು ತೋರಿಸಿದಳು. ಯಾರೋ ಹಿಂದಿನಿಂದ ಕಿಸಕ್ಕೆಂದರು.

"ಇವತ್ತು ಇಲ್ಲಿ ಏನೂ ಇಲ್ಲ," ಎಂದಳು ಅವಳು. "ಕೆಳಗೆ ಸೆಕೆ ಏರ್ತಾ ಹೋದ ಹಾಗೆ ಗಿಡ, ಚಿಟ್ಟೆ, ಪ್ರಾಣಿ ಎಲ್ಲ ತಂಪು ಹುಡುಕಿಕೊಂಡು ಮೇಲಕ್ಕೆ ಹತ್ತಬಹುದು. ಮುಂದೊಂದು ದಿನ ಇಲ್ಲಿ ಹುಲ್ಲು ಕಂಡ್ರೆ, ಅದು ಹೊಸದಾಗಿ ಬಂತೋ ಮೊದಲೇ ಇತ್ತೋ ಅಂತ ಹೇಳೋರು ಯಾರು? ಇವತ್ತು ಖಾಲಿ ಇತ್ತು ಅನ್ನೋದಕ್ಕೆ ನಮ್ಮ ಹತ್ತಿರ ಸಾಕ್ಷಿ ಇರ್ಬೇಕು. ಅದಕ್ಕೇ ಇದನ್ನ ಬಿಟ್ಟುಕೊಡಬಾರದು."

ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಆ ಕಲ್ಲುಗಳನ್ನು ಇನ್ನೊಮ್ಮೆ ತೋರಿಸಿ ಎಂದು ಕೇಳಿದರು. ನಾದಿನಿಯ ಕಣ್ಣಂಚು ಒದ್ದೆಯಾಯಿತು.

ಸಭೆ ಮುಗಿದು ಮೆಟ್ಟಿಲ ಮೇಲೆ ಬಂದು ಕೂತಾಗ ಅತ್ತಿಗೆ ಎರಡೂ ಕೈ ಚಾಚಿದಳು.

"ಸ್ವಲ್ಪ ನೀರು ಕೊಡೇ ಪುಟ್ಟಿ. ಒಳಗೆ ಜೀವ ಬಾಯಿಗೆ ಬಂದಿತ್ತು."

"ನಿಮಗೆ ಹೆದರಿಕೇನಾ ಅತ್ತಿಗೆ? ಹಾಗೆ ಕಾಣಲೇ ಇಲ್ವಲ್ಲ!"

"ನಂಗೆ ಯಾವಾಗ್ಲೂ ಹೆದರಿಕೇನೇ. ಹೇಳಬೇಕಾದ್ದನ್ನ ಹೇಳಲೇಬೇಕಲ್ಲ, ಏನ್ಮಾಡ್ಲಿ?"

ನಾದಿನಿ ನೀರು ಕುಡಿಸಿದಳು. ಆ ಕೈಗಳನ್ನು ತನ್ನ ಕೈಯೊಳಗೆ ಇಟ್ಟುಕೊಂಡು ಬೆಚ್ಚಗಾಗುವವರೆಗೂ ಉಜ್ಜುತ್ತ ಕೂತಳು.

ಮುಖ್ಯಸ್ಥರು ಬಂದು ಕೆಳಗಿನ ಮೆಟ್ಟಿಲ ಬಳಿ ನಿಂತರು. "ಮೇಡಂ, ಆಚೆ ಶಿಖರದಲ್ಲೂ ಇಂಥ ಬೋಳು ಇಳಿಜಾರು ಇದೆ. ಅಲ್ಲೂ ಚೌಕ ಗೀಚಿ ಚೀಟಿ ಎತ್ತೋಣ್ವಾ? ಈ ಸಲ ನಾನೂ ಹತ್ತಿ ನೋಡ್ತೀನಿ."

"ಬನ್ನಿ ಸಾರ್," ಎಂದಳು ಅತ್ತಿಗೆ, "ಬೂಟು ಮಾತ್ರ ಗಟ್ಟಿ ಇರೋದು ಹಾಕ್ಕೊಳ್ಳಿ."